ಗೋಡೆಗೆ ಬೂಷ್ಟು ಬಂದಿದೆ, ಮನೆಯ ಗಾಳಿ ಟೆಸ್ಟ್ ಮಾಡಿಸಬೇಕಾ? ಯಾವುದು, ಯಾರಿಗೆ, ಯಾವಾಗ

ಮಳೆಗಾಲ ಶುರುವಾಗಿ ಒಂದು ತಿಂಗಳಾಯಿತೆಂದರೆ ಈ ಪ್ರಶ್ನೆ ಬರತೊಡಗುತ್ತದೆ. ಬೀರು ಸರಿಸಿದರೆ ಹಿಂದಿನ ಗೋಡೆ ತುಂಬ ಕಪ್ಪು ಚುಕ್ಕೆ. ಲಾಫ್ಟ್‌ನಲ್ಲಿಟ್ಟ ಚರ್ಮದ ಬ್ಯಾಗಿಗೆ ಬಿಳಿ ಬೂಷ್ಟು. ಮಗು ಬೆಳಿಗ್ಗೆ ಎದ್ದ ಕೂಡಲೇ ಸೀನಲು ಶುರು. "ಮನೆ ಗಾಳಿ ಟೆಸ್ಟ್ ಮಾಡಿಸೋಣ ಅಂತಿದ್ದೇವೆ, ಯಾರನ್ನು ಕರೆಸೋದು?"

ಆಯ್ಕೆಗಳು ಬೇಕಾದಷ್ಟಿವೆ. ಕೆಲವು ನೂರು ರೂಪಾಯಿಯ ತೇವಾಂಶ ಮೀಟರ್‌ನಿಂದ ಹಿಡಿದು, ಸ್ಯಾಂಪಲ್‌ಗೆ ಇಷ್ಟು ಎಂದು ಸಾವಿರಗಳಲ್ಲಿ ಬಿಲ್ ಮಾಡುವ ಲ್ಯಾಬ್‌ವರೆಗೆ. ನಡುವೆ ಆನ್‌ಲೈನ್ ಕಿಟ್, ಗಾಳಿ ಅಳೆಯುವ ಮಾನಿಟರ್, "ಫ್ರೀ ಏರ್ ಚೆಕಪ್" ಎಂದು ಬಾಗಿಲಿಗೇ ಬರುವವರು.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಬೂಷ್ಟು ಕಣ್ಣಿಗೆ ಕಾಣುತ್ತಿದ್ದರೆ ಗಾಳಿಯ ಟೆಸ್ಟಿಗೆ ಹಾಕುವ ಹಣ ಬಹುಪಾಲು ದಂಡ. ಅದೇ ಹಣವನ್ನು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವವರಿಗೆ ಕೊಡಿ. ಇದು ನನ್ನೊಬ್ಬನ ಮಾತಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೂಡ, ಕಾಣುವ ಬೂಷ್ಟು ಇದ್ದಲ್ಲಿ ಸಾಮಾನ್ಯವಾಗಿ ಸ್ಯಾಂಪಲ್ ತೆಗೆಯುವ ಅಗತ್ಯವಿಲ್ಲ ಎನ್ನುತ್ತದೆ. ಹಾಗಂತ ಟೆಸ್ಟ್ ಯಾರಿಗೂ ಬೇಡ ಅಂತಲ್ಲ. ಕೆಲವರಿಗೆ ಬೇಕೇ ಬೇಕು. ಯಾರಿಗೆ ಅನ್ನುವುದೇ ಇಲ್ಲಿನ ವಿಷಯ.

ಯಾವ ಅಳತೆಗೋಲಿನಿಂದ ಆರಿಸುವುದು

ಮೊದಲು ದುಡ್ಡಿನ ಲೆಕ್ಕ ಹಾಕಬೇಡಿ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕಿವೆ. ಮೊದಲನೆಯದು: ರಿಪೋರ್ಟ್ ಬಂದ ಮೇಲೆ ನಾನು ಮಾಡುವ ಕೆಲಸ ಏನಾದರೂ ಬದಲಾಗುತ್ತದಾ? ಬೂಷ್ಟಿನ ಜಾತಿ ಯಾವುದೇ ಇರಲಿ, ಮಾಡಬೇಕಾದ್ದು ಒಂದೇ. ನೀರು ನಿಲ್ಲಿಸಬೇಕು, ಗೋಡೆ ಒಣಗಿಸಬೇಕು, ಬೂಷ್ಟು ತೆಗೆಯಬೇಕು. ಹೆಸರು ಗೊತ್ತಾದರೆ ಕೆಲಸ ಬದಲಾಗುವುದಿಲ್ಲ.

ಎರಡನೆಯದು, ಬಂದ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸುವುದು? ದೂಳಿನ ವಿಷಯದಲ್ಲಿ ಇದಕ್ಕೆ ಉತ್ತರ ಇದೆ. ಪಿಎಂ 2.5 ಎಂಬ ಅತಿ ಸಣ್ಣ ದೂಳಿನ ದಿನದ ಸರಾಸರಿ ಒಂದು ಘನ ಮೀಟರ್‌ಗೆ 15 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 60, ಅದೂ ಹೊರಗಿನ ಗಾಳಿಗೆ. ಬೂಷ್ಟಿಗೆ ಇಂಥ ಗೆರೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯ ತೇವ ಮತ್ತು ಬೂಷ್ಟಿನ ಬಗ್ಗೆ ದೊಡ್ಡ ಮಾರ್ಗಸೂಚಿಯನ್ನೇ ತಂದಿತು. ಅದರಲ್ಲೂ ಇಷ್ಟು ಕಣ ಇದ್ದರೆ ಸರಿ, ಇಷ್ಟಾದರೆ ತಪ್ಪು ಎಂದು ಸಂಖ್ಯೆ ಕೊಡಲಿಲ್ಲ. ತೇವ ಬಾರದಂತೆ ನೋಡಿಕೊಳ್ಳಿ, ಬಂದರೆ ಸರಿಪಡಿಸಿ ಎಂದಿತು, ಅಷ್ಟೇ. ಹಾಗಾಗಿ ಯಾರಾದರೂ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿದ ಬೂಷ್ಟಿನ ರಿಪೋರ್ಟ್ ಕೊಟ್ಟರೆ, ಆ ಬಣ್ಣ ನಿರ್ಧರಿಸಿದವರು ಯಾರು ಎಂದು ಕೇಳಿ.

ಮೂರನೆಯದು, ಟೆಸ್ಟ್ ಮಾಡುವವರು ಬೇರೆ ಏನು ಮಾರುತ್ತಾರೆ? ನಾಲ್ಕನೆಯದು, ಯಾವ ಕಾಲದಲ್ಲಿ? ಜುಲೈನಲ್ಲಿ ನೀರು ಜಿನುಗುವ ಗೋಡೆಯನ್ನು ಮಾರ್ಚ್‌ನಲ್ಲಿ ಪರೀಕ್ಷಿಸಿದರೆ ಅದು ಒಣಗಿಯೇ ಇರುತ್ತದೆ. ಬಜೆಟ್ ಬರುವುದು ಈ ನಾಲ್ಕೂ ಆದ ಮೇಲೆ.

ಮನೆಯವರೇ ಮಾಡುವುದು

ಇದನ್ನು ಬಿಟ್ಟು ಯಾರೂ ನೇರವಾಗಿ ಲ್ಯಾಬಿಗೆ ಫೋನ್ ಮಾಡಬಾರದು. ಖರ್ಚು ಹೆಚ್ಚೆಂದರೆ ಒಂದು ಡಿಜಿಟಲ್ ಹೈಗ್ರೋಮೀಟರ್, ಅಂದರೆ ಗಾಳಿಯ ತೇವಾಂಶ ತೋರಿಸುವ ಮೀಟರ್.

ಮೊದಲು ಗೋಡೆ ಮೇಲಿರುವುದು ಬೂಷ್ಟು ಹೌದಾ ನೋಡಿ. ನಮ್ಮ ಇಟ್ಟಿಗೆ-ಸಿಮೆಂಟಿನ ಗೋಡೆಗಳಲ್ಲಿ ನೆಲದಿಂದ ಎರಡು-ಮೂರು ಅಡಿ ಎತ್ತರದವರೆಗೆ ಬಿಳಿ ಪುಡಿ ಏಳುತ್ತದಲ್ಲ, ಅದು ಬಹಳ ಸಲ ಉಪ್ಪು. ಬೆರಳಲ್ಲಿ ಉಜ್ಜಿದರೆ ಸಣ್ಣ ರವೆ ಥರ ಚರಚರ ಅನ್ನುತ್ತದೆ. ಒಂದು ಹನಿ ನೀರು ಹಾಕಿದರೆ ಕರಗಿಹೋಗುತ್ತದೆ. ಬೂಷ್ಟು ಕರಗುವುದಿಲ್ಲ, ಮೆತ್ತಗೆ ಅಂಟಿಕೊಳ್ಳುತ್ತದೆ. ಉಪ್ಪು ಅಂದರೆ ಗೋಡೆಯೊಳಗೆ ನೀರು ಓಡಾಡುತ್ತಿದೆ ಎಂದರ್ಥ. ರೋಗದ ಭಯ ಬೇಡ, ಮೇಸ್ತ್ರಿಯನ್ನು ಕರೆಸಿ.

ಬೂಷ್ಟೇ ಆಗಿದ್ದರೆ ಮುಂದಿನ ಪ್ರಶ್ನೆ ನೀರಿನದು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಒಂದು ಅಡಿ ಚೌಕ ಕತ್ತರಿಸಿ. ಗೋಡೆಯನ್ನು ಬಟ್ಟೆಯಿಂದ ಒರೆಸಿ, ಫಾಯಿಲ್‌ನ ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಹಾಕಿ ಅಂಟಿಸಿ. ಒಂದೆರಡು ದಿನ ಬಿಡಿ. ನಮ್ಮ ಕಡೆಗಿರುವ ಮೈಮೇಲೆ ಹನಿ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ: ಒಳಗೆ ಒಣಹಾಕಿದ ಬಟ್ಟೆ, ಸ್ನಾನದ ಹಬೆ, ತೆರೆಯದ ಕಿಟಕಿ. ಫಾಯಿಲ್ ಬಿಚ್ಚಿದಾಗ ಹಿಂಬದಿ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಮೊದಲನೆಯದಕ್ಕೆ ಎಕ್ಸಾಸ್ಟ್ ಫ್ಯಾನ್ ಸಾಕಾಗಬಹುದು. ಎರಡನೆಯದಕ್ಕೆ ಪ್ಲಂಬರ್ ಅಥವಾ ವಾಟರ್‌ಪ್ರೂಫಿಂಗ್ ಬೇಕು. ಸಾವಿರಾರು ರೂಪಾಯಿಯ ಎಷ್ಟೋ ರಿಪೋರ್ಟ್‌ಗಳಲ್ಲಿ ಈ ಒಂದು ಮಾಹಿತಿ ಇರುವುದಿಲ್ಲ.

ಹೈಗ್ರೋಮೀಟರ್ ಬಗ್ಗೆ ಒಂದು ಮಾತು. ತೇವಾಂಶ ಶೇಕಡಾ 60ರ ಕೆಳಗಿರಲಿ ಎನ್ನುವುದು ಎಲ್ಲೆಡೆ ಸಿಗುವ ಸಲಹೆ. ಆಗುಂಬೆಯಲ್ಲೋ ಮಂಗಳೂರಿನಲ್ಲೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರವಿಲ್ಲದೆ ಅದು ಆಗುವ ಮಾತಲ್ಲ. ಅಲ್ಲಿ ಸಂಖ್ಯೆಗಿಂತ ಕೋಣೆ ಕೋಣೆಯ ವ್ಯತ್ಯಾಸ ನೋಡಿ. ಒಂದೇ ಹೊತ್ತಿನಲ್ಲಿ ಹಾಲ್‌ನಲ್ಲಿ 75, ಮೂಲೆಯ ಕೋಣೆಯಲ್ಲಿ 88 ಇದ್ದರೆ ಆ ಮೂಲೆಯಲ್ಲಿ ಏನೋ ಇದೆ.

ಆನ್‌ಲೈನ್ ಕಿಟ್

ತಟ್ಟೆಯನ್ನು ಕೋಣೆಯಲ್ಲಿ ತೆರೆದಿಟ್ಟು, ಮುಚ್ಚಿ, ಕೆಲವು ದಿನ ಬಿಟ್ಟು ಏನು ಬೆಳೆದಿದೆ ನೋಡುವ ಕಿಟ್‌ಗಳಿವು. ಕೊಳ್ಳಬೇಡಿ. ಬೂಷ್ಟಿನ ಬೀಜಕಣ ಎಲ್ಲ ಮನೆಯ ಗಾಳಿಯಲ್ಲೂ ಇರುತ್ತದೆ. ಮಳೆಗಾಲದಲ್ಲಿ ಚಪಾತಿ ಎರಡು ದಿನ ಮರೆತರೆ ಏನಾಗುತ್ತದೆ ಎಂದು ಗೊತ್ತಲ್ವಾ, ಈ ತಟ್ಟೆಯ ಕಥೆಯೂ ಅಷ್ಟೇ. ಅದಲ್ಲದೆ ದೊಡ್ಡ ಕಣಗಳು ಬೇಗ ಕೆಳಗೆ ಕೂರುತ್ತವೆ, ಚಿಕ್ಕವು ಗಾಳಿಯಲ್ಲೇ ತೇಲುತ್ತಿರುತ್ತವೆ. ಎಷ್ಟು ಗಾಳಿಯಿಂದ ಎಷ್ಟು ಬಿತ್ತು ಎಂಬ ಲೆಕ್ಕವೇ ಇರುವುದಿಲ್ಲ. ಅಗ್ಗ ನಿಜ, ಆದರೆ ತಟ್ಟೆಯಲ್ಲಿ ಬೆಳೆದದ್ದನ್ನು ನೋಡಿ ಹೆದರುವುದೊಂದೇ ಲಾಭ.

ಮಾನಿಟರ್: ಒಳ್ಳೆಯದು, ಆದರೆ ಬೂಷ್ಟಿಗಲ್ಲ

ಮೇಜಿನ ಮೇಲಿಡುವ ಮಾನಿಟರ್‌ಗಳು ದೂಳು, ಇಂಗಾಲದ ಡೈಆಕ್ಸೈಡ್, ತೇವಾಂಶ, "ಟಿವಿಒಸಿ" (ಪೇಂಟ್, ಅಂಟು, ಅಡುಗೆಯಿಂದೆಲ್ಲ ಬರುವ ಆವಿಗಳ ಒಟ್ಟು ಲೆಕ್ಕ) ಎಂದೆಲ್ಲ ತೋರಿಸುತ್ತವೆ. ಬೂಷ್ಟನ್ನು ಯಾವುದೂ ಅಳೆಯುವುದಿಲ್ಲ, ಡಬ್ಬದ ಮೇಲೆ ಏನೇ ಬರೆದಿರಲಿ.

ಆದರೂ ಕೆಲವರಿಗೆ ನಾನು ಲ್ಯಾಬಿಗಿಂತ ಇದನ್ನೇ ಹೇಳುತ್ತೇನೆ. ಲ್ಯಾಬಿನವರು ಒಂದು ದಿನ ಬಂದು ಹೋಗುತ್ತಾರೆ, ಇದು ವರ್ಷವಿಡೀ ಕೂತಿರುತ್ತದೆ. ರಸ್ತೆ ಪಕ್ಕದ ಮನೆ, ಎದುರು ಕಟ್ಟಡ ಕೆಲಸ, ಬೆಡ್‌ರೂಮಿನಲ್ಲಿ ಸೊಳ್ಳೆ ಬತ್ತಿ: ಇಂಥ ಕಡೆ ತೊಂದರೆ ಎಷ್ಟು ಹೊತ್ತಿಗೆ, ಯಾವುದರಿಂದ ಎಂದು ಎರಡೇ ವಾರದಲ್ಲಿ ಗೊತ್ತಾಗುತ್ತದೆ. ಸೊಳ್ಳೆ ಬತ್ತಿ ಅಂದೆನಲ್ಲ, 2003ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಒಂದು ಬತ್ತಿ ಪೂರ್ತಿ ಉರಿದರೆ ಬಿಡುವ ಸಣ್ಣ ದೂಳು 75ರಿಂದ 137 ಸಿಗರೇಟಿಗೆ ಸಮ. ಕಿಟಕಿ ಮುಚ್ಚಿ ಬತ್ತಿ ಹಚ್ಚಿಟ್ಟು, ಆಮೇಲೆ ಗೋಡೆಯ ಬೂಷ್ಟಿಗೆ ಲ್ಯಾಬ್ ಹುಡುಕುವವರು ಮೊದಲು ಬತ್ತಿ ನಿಲ್ಲಿಸಲಿ.

ಕೊಳ್ಳುವಾಗ ಡೈಆಕ್ಸೈಡ್ ಸೆನ್ಸರ್ "ಎನ್‌ಡಿಐಆರ್" ಜಾತಿಯದ್ದಾ, ಅಂದರೆ ಆ ಅನಿಲವನ್ನೇ ಬೆಳಕಿನಿಂದ ನೇರವಾಗಿ ಅಳೆಯುವಂಥದ್ದಾ ಎಂದು ನೋಡಿ. ಅಗ್ಗದ ಮಾನಿಟರ್‌ಗಳು ಬೇರೆ ಅನಿಲ ಅಳೆದು ಡೈಆಕ್ಸೈಡ್ ಎಷ್ಟಿರಬಹುದು ಎಂದು ಊಹಿಸುತ್ತವೆ. ಹೊರಗಿನ ಗಾಳಿಯಲ್ಲಿ ಅದು 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 420) ಆಸುಪಾಸು ಇರುತ್ತದೆ. ಮುಚ್ಚಿದ ಬೆಡ್‌ರೂಮಿನಲ್ಲಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಹಲವು ಪಟ್ಟು ಏರುತ್ತದೆ. ಅಂದರೆ ಗಾಳಿ ಬದಲಾಗುತ್ತಿಲ್ಲ, ತೇವವೂ ಹೊರಗೆ ಹೋಗುತ್ತಿಲ್ಲ. ಟಿವಿಒಸಿ ಸಂಖ್ಯೆಯನ್ನು ಮಾತ್ರ ಜಾಸ್ತಿ ನಂಬಬೇಡಿ. ಒಗ್ಗರಣೆ ಹಾಕಿದರೂ ಅದು ಕುಣಿಯುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ವಿಪರೀತವಾದಾಗ ಅಗ್ಗದ ಲೇಸರ್ ಸೆನ್ಸರ್‌ಗಳು ದೂಳನ್ನೂ ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ.

ಇನ್ನೊಂದು ವಿಷಯ, ಬೂಷ್ಟಿಗಿಂತ ತುರ್ತಿನದು. ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಇದೆಲ್ಲ ಬಿಟ್ಟು ಮೊದಲು ಅದನ್ನು ಹೊರಗೆ ಹಾಕಿಸಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ತನ್ನಿ. ಡೈಆಕ್ಸೈಡ್ ಮೀಟರ್ ಮಾನಾಕ್ಸೈಡ್ ತೋರಿಸುವುದಿಲ್ಲ, ಎರಡೂ ಬೇರೆ. ಮಾನಾಕ್ಸೈಡಿಗೆ ವಾಸನೆಯಿಲ್ಲ. ಗೀಸರ್‌ನಿಂದ ಬಂದ ಈ ಅನಿಲಕ್ಕೆ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಜೀವ ಹೋಗಿದೆ.

ಫ್ರೀ ಚೆಕಪ್

ಪ್ಯೂರಿಫೈಯರ್ ಮಾರುವವರು ದೂಳಿನ ಮೀಟರ್ ಹಿಡಿದು ಬರುತ್ತಾರೆ, ವಾಟರ್‌ಪ್ರೂಫಿಂಗ್ ಮಾಡುವವರು ಗೋಡೆಗೆ ಹಿಡಿದು ನೋಡುವ ತೇವದ ಮೀಟರ್. ಎರಡನೆಯವರನ್ನು ಪೂರ್ತಿ ತಳ್ಳಿಹಾಕಬೇಡಿ. ಅನುಭವ ಇರುವವರಾದರೆ ಟೆರೇಸಿನ ಬಿರುಕನ್ನೋ ಸಜ್ಜಾ ಮೇಲೆ ನಿಂತ ನೀರನ್ನೋ ಐದು ನಿಮಿಷದಲ್ಲಿ ತೋರಿಸಿಬಿಡುತ್ತಾರೆ. ಆದರೆ ಅವರ ಉತ್ತರ ಅವರ ಅಂಗಡಿಯಲ್ಲೇ ಇರುತ್ತದೆ. ಇಬ್ಬರು ಬೇರೆ ಬೇರೆಯವರಿಂದ ಕೇಳಿ, ಕಾರಣ ಒಂದೇ ಹೇಳುತ್ತಾರಾ ನೋಡಿ. ಪ್ಯೂರಿಫೈಯರ್ ಗಾಳಿಯಲ್ಲಿರುವ ಕಣವನ್ನು ಹಿಡಿಯುತ್ತದೆ, ಗೋಡೆಯನ್ನು ಒಣಗಿಸುವುದಿಲ್ಲ.

ತೇವ ಹುಡುಕುವ ತಜ್ಞರು

ನನ್ನ ಲೆಕ್ಕದಲ್ಲಿ ಹೆಚ್ಚಿನ ಮನೆಗಳಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲದ ಆಯ್ಕೆ ಇದು. ಬೆಂಗಳೂರಿನಂಥ ಊರಲ್ಲಿ ಮನೆ ತಪಾಸಣೆ ಮಾಡಿ ಫೋಟೊ ಸಮೇತ ರಿಪೋರ್ಟ್ ಕೊಡುವ ಕಂಪನಿಗಳಿವೆ. ಸಣ್ಣ ಊರಲ್ಲಾದರೆ ಒಬ್ಬ ಒಳ್ಳೆಯ ಸಿವಿಲ್ ಎಂಜಿನಿಯರ್ ಸಾಕು.

ಇವರ ಕೈಯಲ್ಲಿರುವ ಥರ್ಮಲ್ ಕ್ಯಾಮೆರಾ ನೋಡಿ ಮರುಳಾಗಬೇಡಿ. ಅದು ನೀರನ್ನು ನೋಡುವುದಿಲ್ಲ, ತಾಪಮಾನದ ವ್ಯತ್ಯಾಸ ನೋಡುತ್ತದೆ. ಒದ್ದೆ ಜಾಗದಿಂದ ನೀರು ಆರುವಾಗ ಅದು ಸುತ್ತಲಿಗಿಂತ ತಣ್ಣಗಿರುತ್ತದೆ, ಚಿತ್ರದಲ್ಲಿ ನೀಲಿ ಕಲೆಯಾಗಿ ಕಾಣುತ್ತದೆ. ಎಸಿ ಗಾಳಿ ಬೀಳುವ ಜಾಗವೂ ಹಾಗೇ ಕಾಣುತ್ತದೆ. ಆದ್ದರಿಂದ ಕಲೆ ಕಂಡ ಕಡೆ ತೇವದ ಮೀಟರ್ ಇಟ್ಟು ಖಚಿತ ಮಾಡಿಕೊಳ್ಳುವವರೇ ಸರಿಯಾದವರು. ಆ ಮೀಟರಿಗೂ ಮಿತಿ ಇದೆ. ಗೋಡೆಯಲ್ಲಿ ಉಪ್ಪಿದ್ದರೆ ಜಾಸ್ತಿ ತೋರಿಸುತ್ತದೆ. ಒಂದೇ ಸಂಖ್ಯೆಗಿಂತ, ಅದೇ ಗೋಡೆಯ ಒಣ ಭಾಗ ಎಷ್ಟು, ಒದ್ದೆ ಭಾಗ ಎಷ್ಟು ಎಂದು ಗುರುತು ಹಾಕಿ ಕೊಟ್ಟ ನಕ್ಷೆ ನಿಮಗೆ ಉಪಯೋಗಕ್ಕೆ ಬರುತ್ತದೆ.

ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ಕಾರಣಕ್ಕೂ ಈ ರಿಪೋರ್ಟ್ ಬೇಕು. ಮೇಲಿನ ಮನೆಯ ಬಾತ್‌ರೂಮಿನಿಂದ ನೀರು ಇಳಿಯುತ್ತಿದ್ದರೆ ಅಸೋಸಿಯೇಷನ್ ಮುಂದೆ ಇಡಲು ಬರಹದ ದಾಖಲೆ ಇರುತ್ತದೆ. ಹೊಸ ಫ್ಲಾಟ್ ಆದರೆ ಬಿಲ್ಡರ್‌ಗಳಿಗೆ ನಿಯಮ ಹಾಕುವ ರೇರಾ ಕಾಯ್ದೆ ಇದೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಾಮಗಾರಿಯ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು ಎನ್ನುತ್ತದೆ 2016ರ ಆ ಕಾನೂನಿನ 14ನೇ ಸೆಕ್ಷನ್. ಅಲ್ಲಿ ಗಾಳಿಯಲ್ಲಿ ಎಷ್ಟು ಬೀಜಕಣ ಇತ್ತು ಎಂಬುದಕ್ಕಿಂತ ನೀರು ಯಾವ ಬಿರುಕಿನಿಂದ ಬಂತು ಎಂಬುದೇ ಮುಖ್ಯ.

ಲ್ಯಾಬ್ ಟೆಸ್ಟ್

ಇಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ಪಂಪ್ ಇಟ್ಟು ನಿಮಿಷಕ್ಕೆ ಸಾಮಾನ್ಯವಾಗಿ 15 ಲೀಟರ್‌ನಂತೆ ಐದೋ ಹತ್ತೋ ನಿಮಿಷ ಗಾಳಿ ಎಳೆಯುತ್ತಾರೆ. ಕಣಗಳು ಅಂಟಿನ ಗಾಜಿನ ಮೇಲೆ ಕೂರುತ್ತವೆ, ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಬೇಗ ಆಗುತ್ತದೆ, ಸತ್ತದ್ದು ಬದುಕಿದ್ದು ಎರಡೂ ಲೆಕ್ಕಕ್ಕೆ ಬರುತ್ತವೆ. ಆದರೆ ಆಸ್ಪರ್ಜಿಲಸ್ ಮತ್ತು ಪೆನಿಸಿಲಿಯಂ ಕಣಗಳನ್ನು ಹೀಗೆ ಬೇರ್ಪಡಿಸಲು ಬರುವುದಿಲ್ಲ, ಒಟ್ಟಿಗೆ ಬರೆಯುತ್ತಾರೆ. ಇನ್ನೊಂದರಲ್ಲಿ ಗಾಳಿಯನ್ನು ತಟ್ಟೆಯ ಮೇಲೆ ಎಳೆದು ಬೆಳೆಸಿ ನೋಡುತ್ತಾರೆ. ಜಾತಿ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ದಿನಗಟ್ಟಲೆ ಕಾಯಬೇಕು, ಬದುಕಿರುವ ಕಣಗಳಷ್ಟೇ ಲೆಕ್ಕಕ್ಕೆ ಸಿಗುತ್ತವೆ.

ಯಾವುದೇ ಇರಲಿ, ಅದೇ ದಿನ ಅದೇ ಹೊತ್ತಿಗೆ ಮನೆಯ ಹೊರಗೆ ತೆಗೆದ ಸ್ಯಾಂಪಲ್ ಇಲ್ಲದಿದ್ದರೆ ಆ ರಿಪೋರ್ಟಿಗೆ ಅರ್ಥವಿಲ್ಲ. ಒಳಗೆ ಘನ ಮೀಟರ್‌ಗೆ 900 ಬೀಜಕಣ ಎಂದು ಬಂತು ಅಂದುಕೊಳ್ಳಿ. ಹೊರಗೆ 3,000 ಇದ್ದರೆ ನಿಮ್ಮ ಮನೆ ಚೆನ್ನಾಗಿಯೇ ಇದೆ. ಹೊರಗೆ 200 ಇದ್ದು, ಒಳಗೆ ಒಂದೇ ಜಾತಿ ಹೆಚ್ಚಿದ್ದರೆ ಎಲ್ಲೋ ಮರೆಯಲ್ಲಿ ಬೆಳೆಯುತ್ತಿದೆ. ಹೊರಗಿನದು ಕೇಳಿದರೆ "ಅದಕ್ಕೆ ಬೇರೆ ಚಾರ್ಜ್" ಎನ್ನುತ್ತಾರೆ. ಕೊಡಿ, ಬೇಕಾದರೆ ಒಳಗಿನ ಒಂದು ಕಡಿಮೆ ಮಾಡಿ.

ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂದ ಮಾತ್ರಕ್ಕೆ ಒಪ್ಪಬೇಡಿ. ಆ ಮಾನ್ಯತೆ ಲ್ಯಾಬಿನ ಎಲ್ಲ ಕೆಲಸಕ್ಕೂ ಅಲ್ಲ, ಪಟ್ಟಿಯಲ್ಲಿರುವ ಟೆಸ್ಟ್‌ಗಳಿಗೆ ಮಾತ್ರ. ನೀರು ಪರೀಕ್ಷೆಗೆ ಇರಬಹುದು, ಗಾಳಿಯ ಬೂಷ್ಟಿಗೆ ಇಲ್ಲದಿರಬಹುದು. ಪಟ್ಟಿ ತೋರಿಸಿ ಎಂದು ಕೇಳಿ. ಸ್ಯಾಂಪಲ್ ತೆಗೆಯುವಾಗ ಕಿಟಕಿ, ಫ್ಯಾನ್, ಎಸಿ ಹೇಗಿರಬೇಕೆಂದು ಮುಂಚೆಯೇ ಮಾತಾಡಿಕೊಳ್ಳಿ. ಅವತ್ತು ಬೆಳಿಗ್ಗೆ ಗುಡಿಸಬೇಡಿ, ಊದುಬತ್ತಿ ಹಚ್ಚಬೇಡಿ.

ಲ್ಯಾಬ್ ನಿಜವಾಗಿ ಗೆಲ್ಲುವುದು ಬೇರೆ ಕಡೆ: ಹೊಸ ಇಂಟೀರಿಯರ್ ಮಾಡಿಸಿದ ಮನೆಯಲ್ಲಿ. ಪ್ಲೈವುಡ್, ಎಂಡಿಎಫ್ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ, ಕಣ್ಣು-ಮೂಗು ಉರಿಸುವ ಅನಿಲ ಬರುತ್ತದೆ. ಇದಕ್ಕೆ ಸ್ಪಷ್ಟ ಮಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿದ್ದು ಘನ ಮೀಟರ್‌ಗೆ 0.1 ಮಿಲಿಗ್ರಾಂ, ಅರ್ಧ ಗಂಟೆಯ ಸರಾಸರಿ. ಮೇಜಿನ ಮಾನಿಟರ್ ಇದನ್ನು ನಂಬುವಂತೆ ಅಳೆಯುವುದಿಲ್ಲ, ಲ್ಯಾಬ್ ಅಳೆಯುತ್ತದೆ. ಉತ್ತರದ ಮೇಲೆ ನಿಮ್ಮ ನಿರ್ಧಾರವೂ ನಿಂತಿರುತ್ತದೆ: ಬಾಣಂತಿ, ಮಗುವನ್ನು ಈಗಲೇ ಕರೆತರುವುದಾ, ಇನ್ನೆರಡು ತಿಂಗಳು ಕಿಟಕಿ ತೆರೆದಿಟ್ಟು ಕಾಯುವುದಾ? ಇಲ್ಲಿ ಹಣ ಹಾಕಿದರೆ ದಂಡವಲ್ಲ.

ಯಾರಿಗೆ ಯಾವುದು

ಮಲೆನಾಡಿನ ಹಳೆ ಮನೆ, ಮಳೆಗಾಲದಲ್ಲಿ ಮಾತ್ರ ಬೂಷ್ಟು, ಮನೆಯವರೆಲ್ಲ ಆರೋಗ್ಯ: ಏನೂ ಟೆಸ್ಟ್ ಬೇಡ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಇಡಿ. ಹತ್ತು ಚದರ ಅಡಿಯೊಳಗಿನ ಬೂಷ್ಟಾದರೆ ಎನ್95 ಮಾಸ್ಕ್ ಹಾಕಿಕೊಂಡು, ಸೋಪಿನ ನೀರಲ್ಲಿ ಒರೆಸಿ ಒಣಗಿಸಿ. ಒದ್ದೆ ಗೋಡೆಗೆ ಮೇಲಿಂದ ಪೇಂಟ್ ಹೊಡೆಯಬೇಡಿ, ಸುಮ್ನೆ ಖರ್ಚು.

ಬಾಡಿಗೆ ಮನೆಯವರು ಫಾಯಿಲ್, ಹೈಗ್ರೋಮೀಟರ್, ತಾರೀಖಿರುವ ಫೋಟೊ ಇಷ್ಟರಲ್ಲೇ ನಿಲ್ಲಿಸಬಹುದು. ಓನರ್ ರಿಪೇರಿ ಮಾಡಿಸದಿದ್ದರೆ ಲ್ಯಾಬಿಗೆ ಕೊಡುವ ಹಣ ಮನೆ ಬದಲಿಸಲು ಆಗುತ್ತದೆ.

ಮನೆಯಲ್ಲಿ ಆಸ್ತಮಾ ಇದ್ದವರಿದ್ದರೆ ಮೊದಲ ಖರ್ಚು ಗೋಡೆಗಲ್ಲ, ಮನುಷ್ಯರಿಗೆ. ಅಲರ್ಜಿ ವೈದ್ಯರು ಚರ್ಮದ ಮೇಲೆ ಚುಚ್ಚಿ ನೋಡುವ ಟೆಸ್ಟ್ ಅಥವಾ ರಕ್ತದ ಐಜಿಇ ಟೆಸ್ಟ್ ಮಾಡಿಸುತ್ತಾರೆ. ತೊಂದರೆ ಬೂಷ್ಟಿನದ್ದಾ, ಹಾಸಿಗೆಯ ದೂಳುಹುಳದ್ದಾ, ಜಿರಳೆಯದ್ದಾ ಎಂದು ತಿಳಿಯಲು ಗಾಳಿ ಎಣಿಸುವುದಕ್ಕಿಂತ ಅದು ಹತ್ತಿರದ ದಾರಿ. ಕಪ್ಪು ಬಣ್ಣ ನೋಡಿ 2021ರ "ಬ್ಲ್ಯಾಕ್ ಫಂಗಸ್" ಎಂದು ಹೆದರುವವರು ಇನ್ನೂ ಇದ್ದಾರೆ. ಆ ಕಾಯಿಲೆ ಬೇರೆ. ಅಂದು ಹೆಚ್ಚಾಗಿ ಬಲಿಯಾದವರು ಸಕ್ಕರೆ ಕಾಯಿಲೆ ಹಿಡಿತದಲ್ಲಿರದ, ಸ್ಟೀರಾಯ್ಡ್ ತೆಗೆದುಕೊಂಡ ಕೋವಿಡ್ ರೋಗಿಗಳು. ಗೋಡೆಯ ಬೂಷ್ಟಿನ ಬಣ್ಣದಿಂದ ಅಪಾಯ ಎಷ್ಟೆಂದು ಹೇಳಲು ಬರುವುದಿಲ್ಲ. ಆದರೆ ಕೀಮೋ ನಡೆಯುತ್ತಿರುವವರು, ಅಂಗಾಂಗ ಕಸಿ ಆದವರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳದೆ ಬೂಷ್ಟು ಕೆದಕಬೇಡಿ.

ಕಾಣುವ ಬೂಷ್ಟು ಇಲ್ಲ, ಮಣ್ಣು ವಾಸನೆ ಮಾತ್ರ ಹೋಗುತ್ತಿಲ್ಲ, ಫಾಲ್ಸ್ ಸೀಲಿಂಗ್ ಅಥವಾ ವಾರ್ಡ್‌ರೋಬ್ ಹಿಂದೆ ಅನುಮಾನ ಇದೆ: ಮೊದಲು ತೇವದ ತಜ್ಞರು, ಅವರಿಗೂ ಸಿಗದಿದ್ದರೆ ಲ್ಯಾಬ್.

ಅಮೆರಿಕದಲ್ಲಿ ಮನೆ ಕೊಳ್ಳುತ್ತಿರುವ ನಮ್ಮವರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿನ ಗೋಡೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಬಡಿದದ್ದು, ಒಳಗೆ ಟೊಳ್ಳು. ಹಲಗೆಯ ಮೇಲಿನ ಕಾಗದವೇ ಬೂಷ್ಟಿಗೆ ಆಹಾರ, ಹೊರಗೆ ಏನೂ ಕಾಣದೆ ಒಳಗೆ ಹಬ್ಬಿರಬಹುದು. ಹಾಗಾಗಿ ಅಲ್ಲಿ ಸ್ಯಾಂಪಲ್‌ಗೆ ನಮ್ಮಲ್ಲಿಗಿಂತ ಹೆಚ್ಚು ಕೆಲಸವಿದೆ. ಟೆಕ್ಸಾಸ್, ನ್ಯೂಯಾರ್ಕ್ ರಾಜ್ಯಗಳಲ್ಲಿ ಒಂದೇ ಕೆಲಸದಲ್ಲಿ ಪರೀಕ್ಷೆ ಮಾಡಿದವರೇ ಬೂಷ್ಟು ತೆಗೆಯುವ ಗುತ್ತಿಗೆಯನ್ನೂ ಹಿಡಿಯುವಂತಿಲ್ಲ. "ಇಆರ್‌ಎಂಐ" ಎಂಬ ಡಿಎನ್‌ಎ ಟೆಸ್ಟನ್ನು ಯಾರಾದರೂ ಮಾರಲು ಬಂದರೆ, ಅದನ್ನು ರೂಪಿಸಿದ ಇಪಿಎ ತಾನೇ ಅದನ್ನು ಸಂಶೋಧನೆಗೆಂದು ಇಟ್ಟಿದೆ, ಸಾಮಾನ್ಯ ಮನೆಗಳಿಗಲ್ಲ ಎಂಬುದು ನೆನಪಿರಲಿ.

ರಿಪೇರಿ ಆದ ಮೇಲೆ

ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಗಾಳಿ ಟೆಸ್ಟ್ ಮಾಡಿಸಿ ಎಂದು ಕೆಲವರು ಹೇಳುತ್ತಾರೆ. ನಾನು ಹೇಳುವುದು ಬೇರೆ. ಕೆಲಸ ಶುರುವಾಗುವ ಮುಂಚೆ ಒದ್ದೆ ಜಾಗಗಳಿಗೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ, ತೇವದ ಮೀಟರ್‌ನ ಓದನ್ನು ಫೋಟೊ ಸಮೇತ ಬರೆದಿಡಿ. ಗುತ್ತಿಗೆದಾರರ ಜೊತೆ ಮಾತಾಡುವಾಗಲೇ ಕೊನೆಯ ಕಂತು ಒಂದು ಜೋರು ಮಳೆಯಾಗಿ, ಎರಡು ದಿನ ಬಿಟ್ಟು, ಅದೇ ಜಾಗಗಳಲ್ಲಿ ಮತ್ತೆ ಅಳೆದ ಮೇಲೆ ಎಂದು ಕರಾರಿನಲ್ಲಿ ಬರೆಸಿ. ಟೆರೇಸ್ ಆದರೆ ನೀರು ಕಟ್ಟಿ ನಿಲ್ಲಿಸಿ ನೋಡುವುದೂ ಆ ಕರಾರಿನಲ್ಲಿರಲಿ. ಇದಕ್ಕೆ ತಕ್ಷಣ ಒಪ್ಪದ ಗುತ್ತಿಗೆದಾರರಿದ್ದರೆ ಇನ್ನೊಬ್ಬರ ಕೊಟೇಶನ್ ತರಿಸಿ.